ಎಂಟೆಬೆಯಿಂದ ಮರಳದ ದಳಪತಿ: ಯೊನಾತನ್ ನೆತನ್ಯಾಹು

1977ರಲ್ಲಿ ಇಸ್ರೇಲಿನಲ್ಲಿ ಒಂದು ಯುದ್ಧಚಿತ್ರ ತೆರೆಕಂಡಿತು. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ಮಿವ್ತ್ಸಾ ಯೊನಾತನ್’, ಅಂದರೆ ಯೊನಾತನ್ ಕಾರ್ಯಾಚರಣೆ. ಹೊರದೇಶಗಳ ಪ್ರೇಕ್ಷಕರಿಗೆ ಅದು ‘ಆಪರೇಷನ್ ಥಂಡರ್‌ಬೋಲ್ಟ್’ ಎಂದು ಪರಿಚಿತವಾಯಿತು. ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಸೆರೆಯಾಗಿದ್ದ ಒತ್ತೆಯಾಳುಗಳನ್ನು ಇಸ್ರೇಲಿ ಸೈನಿಕರು ನಡುರಾತ್ರಿ ಬಿಡಿಸಿಕೊಂಡು ಬಂದ ಕಥೆ ಅದು. ಚಿತ್ರ ತೆರೆಗೆ ಬಂದಾಗ ಘಟನೆ ಇನ್ನೂ ಹಸಿಯಾಗಿತ್ತು. ಒತ್ತೆಯಾಳುಗಳಾಗಿದ್ದವರು ತಮ್ಮ ತಮ್ಮ ಮನೆಗಳಲ್ಲಿದ್ದರು. ಆದರೆ ಯಾರ ಹೆಸರನ್ನು ಚಿತ್ರ ಹೊತ್ತಿತ್ತೋ ಆ ವ್ಯಕ್ತಿ ಜೆರುಸಲೇಮಿನ ಹರ್ಜಲ್ ಗುಡ್ಡದ ಸೈನಿಕ ಸ್ಮಶಾನದಲ್ಲಿ ಮಣ್ಣಾಗಿದ್ದರು.

ಯೊನಾತನ್ ನೆತನ್ಯಾಹು ಬದುಕಿದ್ದು ಕೇವಲ ಮೂವತ್ತು ವರ್ಷ. ಜಗತ್ತು ಅವರನ್ನು ಗುರುತಿಸುವುದು ಆ ಬದುಕಿನ ಕೊನೆಯ ಕೆಲವು ನಿಮಿಷಗಳಿಂದ. ಆ ನಿಮಿಷಗಳಿಗಿಂತ ಹಿಂದಿನ ಬದುಕು ಬೇರೆಯೇ ಒಂದು ಕಥೆಯನ್ನು ಹೇಳುತ್ತದೆ. ಪುಸ್ತಕ ಮತ್ತು ಬಂದೂಕುಗಳ ನಡುವೆ ಮತ್ತೆ ಮತ್ತೆ ಆಯ್ಕೆ ಮಾಡಬೇಕಾಗಿ ಬಂದ, ಪ್ರತಿ ಬಾರಿಯೂ ಪುಸ್ತಕವನ್ನು ಬದಿಗಿಟ್ಟ ತರುಣನೊಬ್ಬನ ಕಥೆ ಅದು.

ಹೆಸರಿನೊಳಗೊಂದು ಆಫ್ರಿಕಾ

ಯೊನಾತನ್ ಜನಿಸಿದ್ದು 1946ರ ಮಾರ್ಚ್ 13ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ಬೆನ್‌ಝಿಯಾನ್ ನೆತನ್ಯಾಹು ಇತಿಹಾಸಕಾರರು. ಮಧ್ಯಯುಗದ ಸ್ಪೇನಿನಲ್ಲಿ ಯಹೂದಿಗಳು ಅನುಭವಿಸಿದ ಕಿರುಕುಳದ ಅಧ್ಯಯನಕ್ಕೆ ಬಾಳನ್ನೇ ಮುಡಿಪಾಗಿಟ್ಟವರು. ತಾಯಿ ತ್ಸಿಲಾ. ಯೊನಾತನ್ ಹಿರಿಯ ಮಗ. 1949ರಲ್ಲಿ ಬೆಂಜಮಿನ್, 1952ರಲ್ಲಿ ಇದ್ದೋ ಹುಟ್ಟಿದರು.

ಮಗುವಿಗೆ ಇಟ್ಟ ಹೆಸರಿನಲ್ಲಿ ಇಬ್ಬರ ನೆನಪು ಬೆರೆತಿತ್ತು. ಒಬ್ಬರು ಅಜ್ಜ ನಾತನ್. ಇನ್ನೊಬ್ಬರು ಬ್ರಿಟಿಷ್ ಸೇನೆಯ ಕರ್ನಲ್ ಜಾನ್ ಹೆನ್ರಿ ಪ್ಯಾಟರ್ಸನ್. ಮೊದಲನೆಯ ಮಹಾಯುದ್ಧದಲ್ಲಿ ಯಹೂದಿ ಸೈನಿಕರ ಪಡೆಗಳನ್ನು ಮುನ್ನಡೆಸಿದ ಪ್ಯಾಟರ್ಸನ್ ನೆತನ್ಯಾಹು ಕುಟುಂಬದ ಆಪ್ತ ಸ್ನೇಹಿತರಾಗಿದ್ದರು. ಇದೇ ಪ್ಯಾಟರ್ಸನ್ 1898ರಲ್ಲಿ ಪೂರ್ವ ಆಫ್ರಿಕಾದ ತ್ಸಾವೋ ಎಂಬಲ್ಲಿ ಉಗಾಂಡ ರೈಲುಮಾರ್ಗಕ್ಕಾಗಿ ಸೇತುವೆ ಕಟ್ಟಿಸುತ್ತಿದ್ದಾಗ, ಭಾರತದಿಂದ ಹೋಗಿದ್ದ ಕೂಲಿಕಾರರನ್ನು ಹೊತ್ತೊಯ್ಯುತ್ತಿದ್ದ ಎರಡು ನರಭಕ್ಷಕ ಸಿಂಹಗಳನ್ನು ಕೊಂದು ಹೆಸರಾದವರು. ಆ ರೈಲುಮಾರ್ಗ ಮೊಂಬಾಸಾ ಬಂದರಿನಿಂದ ಹೊರಟು ವಿಕ್ಟೋರಿಯಾ ಸರೋವರವನ್ನು ಮುಟ್ಟಿತು. ಅದೇ ಸರೋವರದ ಇನ್ನೊಂದು ದಡದಲ್ಲಿದೆ ಎಂಟೆಬೆ. ಪ್ಯಾಟರ್ಸನ್ 1947ರಲ್ಲಿ ತೀರಿಕೊಂಡರು. ತಮ್ಮ ಹೆಸರು ಹೊತ್ತ ಕೂಸು ಮುಂದೆ ಅದೇ ಸರೋವರದ ತೀರದಲ್ಲಿ ಪ್ರಾಣ ಬಿಡುವುದೆಂದು ಅವರು ಊಹಿಸಿರಲಾರರು.

ಇಸ್ರೇಲ್ ಸ್ವತಂತ್ರವಾದ ಬಳಿಕ ಕುಟುಂಬ ಜೆರುಸಲೇಮಿಗೆ ಮರಳಿತು. ಬಾಲಕ ಯೊನಾತನ್ ಓದಿನಲ್ಲಿ ಮುಂದು, ಸ್ಕೌಟ್ ತಂಡದಲ್ಲಿ ನಾಯಕ. ಆದರೆ 1963ರಲ್ಲಿ ತಂದೆಯ ಅಧ್ಯಾಪನದ ಕೆಲಸದ ಕಾರಣ ಮನೆಮಂದಿಯೆಲ್ಲ ಮತ್ತೆ ಅಮೆರಿಕಕ್ಕೆ ಹೊರಡಬೇಕಾಯಿತು. ಫಿಲಡೆಲ್ಫಿಯಾ ನಗರದ ಹೊರವಲಯದ ಚೆಲ್ಟನ್‌ಹ್ಯಾಮ್ ಪ್ರೌಢಶಾಲೆಗೆ ಅವರು ಸೇರಿದರು. ಅಲ್ಲಿನ ಅಚ್ಚುಕಟ್ಟಾದ ಮನೆಗಳು, ಹುಲ್ಲುಹಾಸುಗಳು, ಕಾರುಗಳು ಹದಿನೇಳರ ಆ ಹುಡುಗನನ್ನು ಒಲಿಸಿಕೊಳ್ಳಲಿಲ್ಲ. ಜೆರುಸಲೇಮಿನ ಗೆಳೆಯರಿಗೆ ಪತ್ರ ಬರೆಯುವುದೇ ದಿನದ ಸಮಾಧಾನವಾಯಿತು. ಈ ಪತ್ರ ಬರೆಯುವ ರೂಢಿ ಕೊನೆಯವರೆಗೂ ಉಳಿಯಿತು. 1964ರಲ್ಲಿ ಶಾಲೆ ಮುಗಿದದ್ದೇ ತಡ, ತಂದೆ ತಾಯಿ ತಮ್ಮಂದಿರನ್ನು ಅಮೆರಿಕದಲ್ಲೇ ಬಿಟ್ಟು ಒಬ್ಬರೇ ಇಸ್ರೇಲಿಗೆ ಮರಳಿ ಸೇನೆ ಸೇರಿದರು.

ಹಾರ್ವರ್ಡಿನಿಂದ ಹಿಂದಿರುಗಿದ ವಿದ್ಯಾರ್ಥಿ

ಪ್ಯಾರಾಟ್ರೂಪರ್ ಪಡೆಯಲ್ಲಿ ತರಬೇತಿ ಪಡೆದು ಅಧಿಕಾರಿಯಾದ ಯೊನಾತನ್, ಕಡ್ಡಾಯ ಸೇವೆಯ ಅವಧಿ ಮುಗಿಸಿ 1967ರ ಆರಂಭದಲ್ಲಿ ಬಿಡುಗಡೆಗೊಂಡರು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗುವ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ಜೂನ್ ತಿಂಗಳ ಆರು ದಿನಗಳ ಯುದ್ಧ ಬಂತು. ಮೊದಲು ಸಿನಾಯ್ ಮರುಭೂಮಿಯಲ್ಲಿ, ಅನಂತರ ಗೋಲನ್ ಎತ್ತರಪ್ರದೇಶದಲ್ಲಿ ಹೋರಾಡಿದ ಅವರಿಗೆ ಯುದ್ಧದ ಕೊನೆಯ ಘಟ್ಟದಲ್ಲಿ ಮೊಣಕೈಗೆ ಗುಂಡು ತಗುಲಿತು. ಗಾಯಗೊಂಡಿದ್ದ ಸಂಗಾತಿಯ ನೆರವಿಗೆ ಹೋದಾಗ ಬಿದ್ದ ಪೆಟ್ಟು ಅದು. ಶಸ್ತ್ರಚಿಕಿತ್ಸೆಗಳ ಬಳಿಕವೂ ಆ ಕೈ ಪೂರ್ತಿ ಮೊದಲಿನಂತಾಗಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಗೆಳತಿ ತಿರ್ಜಾಳೊಂದಿಗೆ ವಿವಾಹ ನಡೆಯಿತು. ನವದಂಪತಿ ಅಮೆರಿಕಕ್ಕೆ ತೆರಳಿದರು. ಹಾರ್ವರ್ಡಿನಲ್ಲಿ ಯೊನಾತನ್ ಆರಿಸಿಕೊಂಡ ವಿಷಯಗಳು ಗಣಿತ ಮತ್ತು ತತ್ವಶಾಸ್ತ್ರ. ಅಂಕಗಳಲ್ಲಿ ಅವರು ಉನ್ನತ ಶ್ರೇಣಿಯವರ ಪಟ್ಟಿಯಲ್ಲಿದ್ದರು. ಆದರೂ ಒಂದು ವರ್ಷದಲ್ಲೇ ಹಿಂದಿರುಗಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಸೇರಿದರು. ಗಡಿಯಲ್ಲಿ ಚಕಮಕಿ ನಿಂತಿರಲಿಲ್ಲ. ಗ್ರಂಥಾಲಯದಲ್ಲಿ ಕುಳಿತ ಮನಸ್ಸಿಗೆ ನೆಮ್ಮದಿಯೂ ಇರಲಿಲ್ಲ. 1969ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಸಮವಸ್ತ್ರ ತೊಟ್ಟರು. ಈ ಬಾರಿ ಸೇರಿದ್ದು ಸಾಯರೆತ್ ಮತ್ಕಲ್ ಎಂಬ ರಹಸ್ಯ ಕಮಾಂಡೋ ದಳಕ್ಕೆ.

ಆ ದಳದ ಕೆಲಸಗಳ ಬಗ್ಗೆ ಮನೆಯಲ್ಲಿ ಮಾತಾಡುವಂತಿರಲಿಲ್ಲ. ವಾರಗಟ್ಟಲೆ ಮನೆಗೆ ಬರುವಂತೆಯೂ ಇರಲಿಲ್ಲ. ದಾಂಪತ್ಯ ಇದನ್ನು ತಾಳಿಕೊಳ್ಳಲಿಲ್ಲ, 1972ರಲ್ಲಿ ವಿಚ್ಛೇದನವಾಯಿತು. ಅದೇ ವರ್ಷ ಸಿರಿಯಾದ ಸೇನಾಧಿಕಾರಿಗಳನ್ನು ಸೆರೆಹಿಡಿದ ಕಾರ್ಯಾಚರಣೆಯಲ್ಲಿ ಅವರ ಪಾತ್ರವಿತ್ತು. ಸಿರಿಯಾದ ವಶದಲ್ಲಿದ್ದ ಇಸ್ರೇಲಿ ವಿಮಾನ ಚಾಲಕರ ಬಿಡುಗಡೆಗೆ ಆ ಅಧಿಕಾರಿಗಳನ್ನು ವಿನಿಮಯ ಮಾಡಿಕೊಳ್ಳಲಾಯಿತು. 1973ರ ಏಪ್ರಿಲಿನಲ್ಲಿ ಬೈರೂತ್ ನಗರದೊಳಗೆ ನುಗ್ಗಿ ಪ್ಯಾಲೆಸ್ತೀನಿ ನಾಯಕರನ್ನು ಕೊಂದ ದಾಳಿಯಲ್ಲೂ ಅವರಿದ್ದರು.

1973ರ ಅಕ್ಟೋಬರಿನ ಯೋಮ್ ಕಿಪ್ಪುರ್ ಯುದ್ಧ ಇಸ್ರೇಲಿಗೆ ಭಾರಿ ಆಘಾತ ತಂದಿತು. ಗೋಲನ್ ಪ್ರದೇಶದಲ್ಲಿ ಇಳಿದಿದ್ದ ಸಿರಿಯಾದ ಕಮಾಂಡೋಗಳ ಎದುರು ಯೊನಾತನ್ ತಮ್ಮ ತುಕಡಿಯನ್ನು ನಡೆಸಿದರು. ತೆಲ್ ಶಮ್ಸ್ ಎಂಬಲ್ಲಿ ಶತ್ರುಸಾಲಿನ ಹಿಂದೆ ಗಾಯಗೊಂಡು ಬಿದ್ದಿದ್ದ ಟ್ಯಾಂಕ್ ಪಡೆಯ ಅಧಿಕಾರಿ ಯೊಸ್ಸಿ ಬೆನ್ ಹನಾನ್ ಅವರನ್ನು ರಕ್ಷಿಸಿ ತಂದರು. ಇದಕ್ಕಾಗಿ ಅವರಿಗೆ ಸೇವಾ ಪದಕ ಸಂದಿತು. ಯುದ್ಧದಲ್ಲಿ ಟ್ಯಾಂಕ್ ಪಡೆಗಳು ಅಪಾರ ಸಂಖ್ಯೆಯ ಅಧಿಕಾರಿಗಳನ್ನು ಕಳೆದುಕೊಂಡಿದ್ದವು. ಆ ಕೊರತೆ ತುಂಬಲು ಮುಂದೆ ಬಂದವರಲ್ಲಿ ಯೊನಾತನ್ ಒಬ್ಬರು. ಕಮಾಂಡೋ ಆಗಿದ್ದವರು ಟ್ಯಾಂಕ್ ಯುದ್ಧವನ್ನು ಮೊದಲಿನಿಂದ ಕಲಿತು, ಗೋಲನ್‌ನಲ್ಲಿ ಒಂದು ಟ್ಯಾಂಕ್ ಬೆಟಾಲಿಯನ್ನನ್ನು ಮತ್ತೆ ಕಟ್ಟಿ ನಿಲ್ಲಿಸಿದರು. 1975ರ ಜೂನಿನಲ್ಲಿ ಸಾಯರೆತ್ ಮತ್ಕಲ್ ದಳದ ಮುಖ್ಯಸ್ಥರಾಗಿ ನೇಮಕಗೊಂಡರು.

ಬಿಡುವಿನ ವೇಳೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ, ಹೆಚ್ಚು ಮಾತಾಡದ ಈ ದಳಪತಿಯನ್ನು ಎಲ್ಲರೂ ಸಮಾನವಾಗಿ ಮೆಚ್ಚಿದ್ದರೆಂದಲ್ಲ. ಕೈಕೆಳಗಿನ ಕೆಲವರಿಗೆ ಅವರು ದೂರದವರಂತೆ ಕಂಡಿದ್ದರೆಂಬುದು ಅನಂತರದ ಬರಹಗಳಿಂದ ತಿಳಿಯುತ್ತದೆ. ಕೊನೆಯ ವರ್ಷದ ಪತ್ರಗಳಲ್ಲಿ ದಣಿವಿನ ನೆರಳಿದೆ. ಅರ್ಧಕ್ಕೆ ನಿಂತ ಓದು ಅವರ ಮನಸ್ಸಿನಿಂದ ದೂರವಾಗಿರಲಿಲ್ಲ.

ಏಳು ದಿನಗಳು

1976ರ ಜೂನ್ 27, ಭಾನುವಾರ. ಟೆಲ್ ಅವಿವ್‌ನಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸ್ ಸಂಸ್ಥೆಯ 139ನೇ ಸಂಖ್ಯೆಯ ವಿಮಾನ ಅಥೆನ್ಸ್‌ನಲ್ಲಿ ಇಳಿದು ಮೇಲೇರಿದ ಸ್ವಲ್ಪ ಹೊತ್ತಿನಲ್ಲಿ ಅಪಹರಣಕ್ಕೆ ಒಳಗಾಯಿತು. ಅದರಲ್ಲಿ ಸುಮಾರು 250 ಪ್ರಯಾಣಿಕರು, 12 ಸಿಬ್ಬಂದಿ ಇದ್ದರು. ಅಪಹರಣಕಾರರು ನಾಲ್ವರು: ಇಬ್ಬರು ಪ್ಯಾಲೆಸ್ತೀನಿಯರು, ಇಬ್ಬರು ಜರ್ಮನ್ ಉಗ್ರಗಾಮಿಗಳು. ಲಿಬಿಯಾದ ಬೆಂಗಾಜಿಯಲ್ಲಿ ಇಂಧನ ತುಂಬಿಸಿಕೊಂಡ ವಿಮಾನ ಮರುದಿನ ನಸುಕಿನಲ್ಲಿ ಎಂಟೆಬೆಯಲ್ಲಿ ಇಳಿಯಿತು. ಅಲ್ಲಿ ಅಪಹರಣಕಾರರ ಸಂಗಡಿಗರು ಕೂಡಿಕೊಂಡರು.

ಉಗಾಂಡದಲ್ಲಿ ಆಗ ಇದಿ ಅಮೀನನ ಆಳ್ವಿಕೆ. 1972ರಲ್ಲಿ ಭಾರತೀಯ ಮೂಲದ ಕುಟುಂಬಗಳಿಗೆ 90 ದಿನಗಳ ಗಡುವು ಕೊಟ್ಟು ದೇಶದಿಂದ ಹೊರಗಟ್ಟಿದ ಸರ್ವಾಧಿಕಾರಿ ಈತ. ಅದೇ ವರ್ಷ, ತನ್ನ ಸೇನೆಗೆ ತರಬೇತಿ ನೀಡುತ್ತಿದ್ದ ಇಸ್ರೇಲಿಗಳನ್ನೂ ಈತ ಓಡಿಸಿದ್ದ. ಅಪಹರಣಕಾರರಿಗೆ ಈತನ ಸೈನಿಕರ ಕಾವಲು ಸಿಕ್ಕಿತು. ಇಸ್ರೇಲ್ ಹಾಗೂ ಇತರ ದೇಶಗಳ ಸೆರೆಮನೆಗಳಲ್ಲಿದ್ದ 53 ಮಂದಿಯನ್ನು ಬಿಡಬೇಕು, ಇಲ್ಲವಾದರೆ ಜುಲೈ 1ರಿಂದ ಒತ್ತೆಯಾಳುಗಳನ್ನು ಕೊಲ್ಲುತ್ತೇವೆ ಎಂಬುದು ಅಪಹರಣಕಾರರ ಬೆದರಿಕೆ. ಹಳೆಯ ಟರ್ಮಿನಲ್ ಕಟ್ಟಡದಲ್ಲಿ ಇಸ್ರೇಲಿಗಳನ್ನು ಬೇರೆ ಕೋಣೆಗೆ ಸರಿಸಲಾಯಿತು. ನಾತ್ಸಿ ಶಿಬಿರಗಳಿಂದ ಬದುಕಿ ಬಂದಿದ್ದ ಕೆಲವರು ಜರ್ಮನ್ ದನಿಯಲ್ಲಿ ತಮ್ಮ ಹೆಸರು ಕೂಗಿ ಬೇರ್ಪಡಿಸುವುದನ್ನು ಎರಡನೆಯ ಬಾರಿ ಕಂಡರು. ಉಳಿದ ದೇಶಗಳವರನ್ನು ಎರಡು ಕಂತುಗಳಲ್ಲಿ ಬಿಟ್ಟುಬಿಡಲಾಯಿತು. ಫ್ರೆಂಚ್ ಕ್ಯಾಪ್ಟನ್ ಮಿಷೆಲ್ ಬಾಕೋಸ್ ಮತ್ತು ಅವರ ಸಿಬ್ಬಂದಿ ಪ್ರಯಾಣಿಕರನ್ನು ತೊರೆದು ಹೋಗಲು ಒಪ್ಪದೆ ಅಲ್ಲೇ ಉಳಿದರು. ಕೊನೆಗೆ ಸೆರೆಯಲ್ಲಿದ್ದವರು 106 ಮಂದಿ.

ಪ್ರಧಾನಿ ಇತ್ಝಾಕ್ ರಾಬಿನ್ ಅವರ ಸಂಪುಟ ಸಂಧಾನಕ್ಕೆ ಸಿದ್ಧವೆಂದು ತಿಳಿಸಿತು. ಗಡುವು ಜುಲೈ 4ರವರೆಗೆ ವಿಸ್ತರಣೆಯಾಯಿತು. ಈ ಮೂರು ದಿನಗಳೇ ಎಲ್ಲವನ್ನೂ ನಿರ್ಧರಿಸಿದವು. ಸೇನೆಯ ಮೇಲಿನ ಭಾರ ಸಣ್ಣದಿರಲಿಲ್ಲ. 1972ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ಪೊಲೀಸರ ಬಿಡುಗಡೆ ಯತ್ನ ಇಸ್ರೇಲಿ ಕ್ರೀಡಾಪಟುಗಳ ಸಾವಿನಲ್ಲಿ ಕೊನೆಗೊಂಡಿತ್ತು. 1974ರಲ್ಲಿ ಮಾಲೋತ್ ಊರಿನ ಶಾಲೆಯಲ್ಲಿ ಇಸ್ರೇಲಿನದೇ ಕಮಾಂಡೋಗಳು ನುಗ್ಗಿದಾಗ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾಗಿದ್ದರು. ಎಂಟೆಬೆ ಇದ್ದದ್ದು ಸುಮಾರು 4,000 ಕಿಲೋಮೀಟರ್ ಆಚೆ.

ಅಪಹರಣ ನಡೆದಾಗ ಯೊನಾತನ್ ಬೇರೊಂದು ಕೆಲಸದ ಮೇಲೆ ಸಿನಾಯ್‌ನಲ್ಲಿದ್ದರು. ಯೋಜನೆಯ ಮೊದಲ ಕರಡನ್ನು ರೂಪಿಸುವುದರಲ್ಲಿ ಅವರ ಸಹಾಯಕ ಅಧಿಕಾರಿ ಮೂಕಿ ಬೆತ್ಸರ್ ತೊಡಗಿದ್ದರು. ಉಗಾಂಡದಲ್ಲಿ ತರಬೇತುದಾರರಾಗಿದ್ದ ಅನುಭವ ಅವರಿಗಿತ್ತು. ಮರಳಿ ಬಂದ ಯೊನಾತನ್ ಟರ್ಮಿನಲ್ ಕಟ್ಟಡಕ್ಕೆ ನುಗ್ಗುವ ತಂಡದ ಹೊಣೆ ಹೊತ್ತರು. ನೆಲದ ಮೇಲಿನ ಇಡೀ ಕಾರ್ಯಾಚರಣೆಯ ನೇತೃತ್ವ ಬ್ರಿಗೇಡಿಯರ್ ಜನರಲ್ ಡಾನ್ ಶೊಮ್ರಾನ್ ಅವರದು. ಆ ಟರ್ಮಿನಲನ್ನು ಕಟ್ಟಿದ್ದು ಇಸ್ರೇಲಿನದೇ ಒಂದು ನಿರ್ಮಾಣ ಸಂಸ್ಥೆಯಾದ್ದರಿಂದ ನಕ್ಷೆಗಳು ದೊರೆತವು. ಬಿಡುಗಡೆಗೊಂಡು ಪ್ಯಾರಿಸ್ ತಲುಪಿದವರಿಂದ ಕಾವಲಿನ ವಿವರಗಳು ಬಂದವು. ಒಂದು ಮರ್ಸಿಡಿಸ್ ಕಾರಿಗೆ ಕಪ್ಪು ಬಣ್ಣ ಬಳಿಯಲಾಯಿತು. ಉಗಾಂಡದ ದೊಡ್ಡ ಅಧಿಕಾರಿಯೋ ಸ್ವತಃ ಅಮೀನನೋ ಬಂದನೆಂದು ಕಾವಲುಗಾರರು ಭ್ರಮಿಸಲಿ ಎಂಬುದು ಲೆಕ್ಕಾಚಾರ. ಕಂಬ ನೆಟ್ಟು ಬಟ್ಟೆ ಕಟ್ಟಿ ರೂಪಿಸಿದ ಅಣಕು ಕಟ್ಟಡದ ಮುಂದೆ ತಂಡ ಅಭ್ಯಾಸ ಮಾಡಿತು.

ಜುಲೈ 3ರ ಶನಿವಾರ ನಾಲ್ಕು ಹರ್ಕ್ಯುಲಿಸ್ ವಿಮಾನಗಳು ಸಿನಾಯ್‌ನ ತುದಿಯಿಂದ ಹೊರಟು ಕೆಂಪು ಸಮುದ್ರದ ಮೇಲೆ ತೀರಾ ತಗ್ಗಿನಲ್ಲಿ ಹಾರಿದವು. ಸಂಪುಟದ ಅಂತಿಮ ಒಪ್ಪಿಗೆ ಬಂದಾಗ ಅವು ಆಗಲೇ ಆಕಾಶದಲ್ಲಿದ್ದವು. ಇಸ್ರೇಲ್ ಕಾಲಮಾನ ರಾತ್ರಿ ಹನ್ನೊಂದರ ಸುಮಾರಿಗೆ ಮೊದಲ ವಿಮಾನ ಎಂಟೆಬೆಯ ನೆಲ ಮುಟ್ಟಿತು. ಅದರ ಹೊಟ್ಟೆಯಿಂದ ಕಪ್ಪು ಕಾರು, ಎರಡು ಲ್ಯಾಂಡ್ ರೋವರ್ ಇಳಿದವು. ಮುಂದಿನ ಕಾರಿನಲ್ಲಿ ಯೊನಾತನ್ ಇದ್ದರು.

ದಾರಿಯಲ್ಲಿ ಇಬ್ಬರು ಉಗಾಂಡ ಕಾವಲುಗಾರರು ಎದುರಾದರು. ಒಬ್ಬ ಬಂದೂಕು ಎತ್ತಿದ. ಕಾರಿನಿಂದ ಸದ್ದಡಗಿಸಿದ ಪಿಸ್ತೂಲುಗಳಿಂದ ಗುಂಡು ಹಾರಿತು, ಆತ ಸಾಯಲಿಲ್ಲ, ಹಿಂದಿನ ವಾಹನದಿಂದ ಸದ್ದುಳ್ಳ ಗುಂಡು ಸಿಡಿಯಿತು. ಗುಟ್ಟು ಅಲ್ಲಿಗೇ ಒಡೆಯಿತು. ಸೈನಿಕರು ವಾಹನ ಬಿಟ್ಟು ಓಡಿದರು. ಕಟ್ಟಡದ ಹೊರಗೆ ಯೊನಾತನ್ ಗುಂಡೇಟಿಗೆ ಕುಸಿದರು. ಬಿದ್ದವರನ್ನು ನೋಡಲು ನಿಲ್ಲದೆ ಮೊದಲು ಒಳಗೆ ನುಗ್ಗಬೇಕೆಂಬುದು ಮೊದಲೇ ಆಗಿದ್ದ ಕಟ್ಟಪ್ಪಣೆ. ತಂಡ ಅದನ್ನೇ ಪಾಲಿಸಿತು. ಕೆಲವೇ ನಿಮಿಷಗಳಲ್ಲಿ ಒತ್ತೆಯಾಳುಗಳಿದ್ದ ಸಭಾಂಗಣ ವಶವಾಯಿತು. ಅಪಹರಣಕಾರರು ಹತರಾದರು. 102 ಮಂದಿ ವಿಮಾನ ಹತ್ತಿ ನೈರೋಬಿ ಮಾರ್ಗವಾಗಿ ಮನೆ ಸೇರಿದರು. ದಾಳಿಯಲ್ಲಿ ಸತ್ತ ಏಕೈಕ ಇಸ್ರೇಲಿ ಸೈನಿಕ ಯೊನಾತನ್.

ಅಂದು ತಂದೆ ಬೆನ್‌ಝಿಯಾನ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಬಾಸ್ಟನ್‌ನಲ್ಲಿ ಓದುತ್ತಿದ್ದ ಬೆಂಜಮಿನ್ ಅಣ್ಣನ ಸಾವಿನ ಸುದ್ದಿಯನ್ನು ದೂರವಾಣಿಯಲ್ಲಿ ಹೇಳಲಾರದೆ, ಸುಮಾರು ಏಳು ಗಂಟೆ ಕಾರಿನಲ್ಲಿ ಪ್ರಯಾಣಿಸಿ ತಂದೆ ತಾಯಿಯರ ಮನೆ ಬಾಗಿಲಿಗೆ ಹೋದರು.

ತೆರೆಯ ಮೇಲಿನ ವೀರ

ಇಂಥ ಘಟನೆಯನ್ನು ಸಿನಿಮಾ ಬಿಟ್ಟೀತೆ? ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ವಿಕ್ಟರಿ ಅಟ್ ಎಂಟೆಬೆ’ ಪ್ರಸಾರವಾಯಿತು. ಯೊನಾತನ್ ಪಾತ್ರದಲ್ಲಿ ರಿಚರ್ಡ್ ಡ್ರೇಫಸ್ ನಟಿಸಿದ್ದರು. 1977ರ ಜನವರಿಯಲ್ಲಿ ಬಂದ ‘ರೇಡ್ ಆನ್ ಎಂಟೆಬೆ’ಯಲ್ಲಿ ಚಾರ್ಲ್ಸ್ ಬ್ರಾನ್ಸನ್ ಶೊಮ್ರಾನ್ ಆಗಿದ್ದರು. ಇವೆರಡರ ಹಿಂದೆಯೇ ಬಂದದ್ದು ಮೆನಾಹೆಮ್ ಗೋಲನ್ ನಿರ್ದೇಶನದ ಇಸ್ರೇಲಿನದೇ ಚಿತ್ರ. ಸರ್ಕಾರ ಮತ್ತು ವಾಯುಪಡೆ ಇದಕ್ಕೆ ನೆರವಾದವು. ನಿಜವಾದ ಹರ್ಕ್ಯುಲಿಸ್ ವಿಮಾನಗಳು ತೆರೆಯ ಮೇಲೆ ಬಂದವು. ಜನಪ್ರಿಯ ಗಾಯಕ ಯೆಹೋರಾಮ್ ಗಾವೋನ್ ಯೊನಾತನ್ ಆದರು. ಜರ್ಮನ್ ನಟ ಕ್ಲೌಸ್ ಕಿನ್ಸ್‌ಕಿ ಅಪಹರಣಕಾರನಾದರು. ಚಿತ್ರ ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಗೋಲನ್ ಮುಂದೆ 1986ರಲ್ಲಿ ‘ದ ಡೆಲ್ಟಾ ಫೋರ್ಸ್’ ಎಂಬ ಇನ್ನೊಂದು ಒತ್ತೆಯಾಳು ಬಿಡುಗಡೆಯ ಚಿತ್ರವನ್ನು ಹಾಲಿವುಡ್ಡಿಗಾಗಿ ತೆಗೆದರು.

ಹಾಡುಗಾರನ ಮುಖ, ಗಂಭೀರ ನಡಿಗೆ, ಗೆಲುವಿನ ನಡುವೆ ನಾಯಕನ ಸಾವು: ತೆರೆಯ ಯೊನಾತನ್ ಹೀಗೆ ಜನಮನದಲ್ಲಿ ನೆಲೆಯೂರಿದರು. ಆದರೆ ತೊಂಬತ್ತು ನಿಮಿಷದ ಕಾರ್ಯಾಚರಣೆಯಲ್ಲಿ ನಿಜವಾದ ಯೊನಾತನ್ ಕಾದಾಡಿದ್ದು ಮೊದಲ ಕ್ಷಣಗಳಲ್ಲಿ ಮಾತ್ರ. ಅವರ ಪಾಲಿನ ಬಹುದೊಡ್ಡ ಕೆಲಸ ಮುಗಿದದ್ದು ವಿಮಾನ ಏರುವ ಮುಂಚೆಯೇ. ತಾವು ಬಿದ್ದರೂ ತಂಡ ನಿಲ್ಲದಂತೆ ಅದನ್ನು ಅಣಿಗೊಳಿಸಿದ್ದೇ ಆ ಕೆಲಸ. ಹೀಗೆ ಅಣಿಗೊಳಿಸುವ ಗಂಟೆಗಳು ಯುದ್ಧಚಿತ್ರಕ್ಕೆ ಒಗ್ಗುವ ಸಾಮಗ್ರಿಯಲ್ಲ.

ಬೆಳಕಿಗೆ ತಡವಾಗಿ ಬಂದ ಮತ್ತೊಂದು ಸಂಗತಿ ಆ ಕಾವಲುಗಾರನದು. ಆತ ಬಂದೂಕು ಎತ್ತಿದ್ದು ವಾಡಿಕೆಯ ಗೌರವಕ್ಕೆ, ಗುಂಡು ಹಾರಿಸಿದ್ದು ತಪ್ಪು ನಿರ್ಧಾರವಾಗಿತ್ತು ಎಂದು ಬೆತ್ಸರ್ ವಾದಿಸಿದರು. ಯೊನಾತನ್ ಕುಟುಂಬ ಇದನ್ನು ಒಪ್ಪಲಿಲ್ಲ. ವೈದ್ಯರೂ ಲೇಖಕರೂ ಆದ ಕಿರಿಯ ತಮ್ಮ ಇದ್ದೋ, ಪಾಲ್ಗೊಂಡವರನ್ನು ಕಂಡು ಮಾತಾಡಿಸಿ ಅಣ್ಣನ ಪರವಾಗಿ ಪುಸ್ತಕ ಬರೆದರು. ಗುಂಡು ಹಾರಿದ್ದು ನಿಯಂತ್ರಣ ಗೋಪುರದಿಂದ ಎಂಬ ಪ್ರಚಲಿತ ಅಭಿಪ್ರಾಯದ ಮೇಲೂ ಚರ್ಚೆ ನಡೆದಿದೆ. ಒಂದೇ ರಾತ್ರಿಯಲ್ಲಿ ಜೊತೆಗಿದ್ದ ಸೈನಿಕರ ನೆನಪುಗಳೇ ಒಂದಕ್ಕೊಂದು ತಾಳೆಯಾಗಲಿಲ್ಲ.

ಗೆಲುವಿನ ಲೆಕ್ಕದಲ್ಲಿ ಹಿಂದೆ ಸರಿದ ಹೆಸರುಗಳೂ ಇವೆ. ಗುಂಡಿನ ಕಾಳಗದಲ್ಲಿ ಮೂವರು ಒತ್ತೆಯಾಳುಗಳು ಸತ್ತರು; ಅವರಲ್ಲಿ ಒಬ್ಬನಿಗೆ ಕೇವಲ 19 ವರ್ಷ. ಆಸ್ಪತ್ರೆಗೆ ಸೇರಿದ್ದರಿಂದ ಎಂಟೆಬೆಯಲ್ಲಿ ಇಲ್ಲದಿದ್ದ ಎಪ್ಪತ್ತು ದಾಟಿದ ವೃದ್ಧೆ ಡೋರಾ ಬ್ಲಾಕ್ ಅವರನ್ನು ಅಮೀನನ ಜನ ಕಂಪಾಲದಲ್ಲಿ ಕೊಂದರು. ಅವರ ಅವಶೇಷಗಳು ಮರಳಿದ್ದು ಅಮೀನ್ ಪದಚ್ಯುತನಾದ 1979ರಲ್ಲಿ. ಸುಮಾರು 45 ಉಗಾಂಡ ಸೈನಿಕರು ಹತರಾದರು. ಇಸ್ರೇಲಿಗೆ ಕೀನ್ಯಾ ನೆರವಾಯಿತೆಂಬ ಸಿಟ್ಟಿಗೆ ಉಗಾಂಡದಲ್ಲಿದ್ದ ನೂರಾರು ಕೀನ್ಯಾದವರು ಬಲಿಯಾದರು. ಸಾರ್ವಭೌಮ ದೇಶದೊಳಗೆ ಸೇನೆ ಇಳಿಸಿದ್ದು ಸರಿಯೇ ಎಂಬ ಪ್ರಶ್ನೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಎದ್ದಿತು. ಯಾವ ನಿರ್ಣಯವೂ ಅಂಗೀಕಾರವಾಗಲಿಲ್ಲ.

ಹೆಸರಿನ ಮುಂದುವರಿಕೆ

ಕಾರ್ಯಾಚರಣೆಗೆ ಇಸ್ರೇಲ್ ಸರ್ಕಾರ ಯೊನಾತನ್ ಹೆಸರನ್ನೇ ಇಟ್ಟಿತು. ಕುಟುಂಬ ಅವರ ಹೆಸರಿನಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅದು 1979ರಲ್ಲಿ ಜೆರುಸಲೇಮಿನಲ್ಲಿ, 1984ರಲ್ಲಿ ವಾಷಿಂಗ್ಟನ್‌ನಲ್ಲಿ ಭಯೋತ್ಪಾದನೆ ಕುರಿತು ಸಮ್ಮೇಳನಗಳನ್ನು ನಡೆಸಿತು. ಆ ವೇದಿಕೆಗಳಿಂದ ಸಾರ್ವಜನಿಕ ಬದುಕಿಗೆ ಬಂದ ಬೆಂಜಮಿನ್ 1996ರಲ್ಲಿ ಮೊದಲ ಬಾರಿಗೆ ಪ್ರಧಾನಿಯಾದರು. ತಮ್ಮನ ರಾಜಕೀಯವನ್ನು ಒಪ್ಪುವವರೂ ವಿರೋಧಿಸುವವರೂ ಅಣ್ಣನ ಹೆಸರನ್ನು ಎಳೆದು ತರುವುದು ಅಂದಿನಿಂದ ನಡೆದುಬಂದಿದೆ. 2016ರ ಜುಲೈ 4ರಂದು, ದಾಳಿಗೆ ನಲವತ್ತು ವರ್ಷ ತುಂಬಿದ ದಿನ, ಬೆಂಜಮಿನ್ ಎಂಟೆಬೆಯ ಹಳೆಯ ಟರ್ಮಿನಲ್ ಮುಂದೆ ನಿಂತು ಅಣ್ಣನನ್ನು ಸ್ಮರಿಸಿದರು. ಅತಿಥೇಯರಾಗಿ ಉಗಾಂಡದ ಅಧ್ಯಕ್ಷ ಮುಸೆವೆನಿ ಪಕ್ಕದಲ್ಲಿದ್ದರು. 2018ರಲ್ಲಿ ಬಂದ ‘7 ಡೇಸ್ ಇನ್ ಎಂಟೆಬೆ’ ಚಿತ್ರ ಯೊನಾತನ್‌ಗಿಂತ ಅಪಹರಣಕಾರರ ಒಳಮನಸ್ಸಿಗೂ ರಾಬಿನ್ ಸಂಪುಟದ ತಾಕಲಾಟಕ್ಕೂ ಹೆಚ್ಚು ಜಾಗ ಕೊಟ್ಟಿತು. ಒಂದೇ ಘಟನೆಯ ಕೇಂದ್ರವನ್ನು ಪ್ರತಿ ಪೀಳಿಗೆಯೂ ತನಗೆ ಬೇಕಾದೆಡೆಗೆ ಸರಿಸಿಕೊಳ್ಳುತ್ತದೆ.

ಇವೆಲ್ಲದರಿಂದ ದೂರ ನಿಲ್ಲುವುದು ಅವರ ಪತ್ರಗಳು. ಹದಿನೇಳನೆಯ ವಯಸ್ಸಿನಿಂದ ಸಾವಿಗೆ ಕೆಲವೇ ದಿನಗಳ ಮುಂಚಿನವರೆಗೆ ತಂದೆ ತಾಯಿಗೆ, ತಮ್ಮಂದಿರಿಗೆ, ಗೆಳೆಯರಿಗೆ, ಪ್ರೀತಿಸಿದವರಿಗೆ ಬರೆದ ಆ ಪತ್ರಗಳನ್ನು ಮನೆಯವರು ಸಂಗ್ರಹಿಸಿ ಪ್ರಕಟಿಸಿದರು. ಅವುಗಳಲ್ಲಿ ಎಂಟೆಬೆಯಿಲ್ಲ, ಕಪ್ಪು ಕಾರಿಲ್ಲ. ಓದಲು ಸಮಯ ಸಿಗದ ಕೊರಗಿದೆ, ಮುರಿದ ಸಂಸಾರದ ನೋವಿದೆ, ಸತ್ತ ಜೊತೆಗಾರರ ನೆನಪಿದೆ, ದೇಶ ಉಳಿಯಬೇಕೆಂಬ ಗಟ್ಟಿ ನಂಬಿಕೆಯಿದೆ. ಗೋಲನ್ ಅವರ ಯುದ್ಧಚಿತ್ರವನ್ನು ನೋಡಿದವರು ಆ ಪತ್ರಗಳನ್ನೂ ಓದಿದರೆ, ಎಂಟೆಬೆಯಲ್ಲಿ ಇಸ್ರೇಲ್ ತೆತ್ತ ಬೆಲೆ ಎಂಥದೆಂಬುದು ತಿಳಿಯುತ್ತದೆ. ಅಲ್ಲಿ ಬಿದ್ದದ್ದು ಒಬ್ಬ ದಳಪತಿ ಮಾತ್ರವಲ್ಲ. ಗಣಿತ ಮತ್ತು ತತ್ವಶಾಸ್ತ್ರದ ಪದವಿಯನ್ನು ಮುಗಿಸಲು ಎಂದಾದರೊಂದು ದಿನ ಹಿಂದಿರುಗಬಹುದಾಗಿದ್ದ ವಿದ್ಯಾರ್ಥಿಯೂ ಹೌದು.